ಸಂದಿಯಲ್ಲೋ ಸಾಲಿನಲ್ಲೋ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾರು ಓಡಿಸಲು ಬಾರದವರು ನನ್ನ ಬೈಕೇ ಡೊಂಕು ಅನ್ನುತ್ತಾರೆ. ಬ್ಲಡ್ ಬ್ಯಾಂಕಿನಿಂದ ಆಸ್ಪತ್ರೆಗಳಿಗೆ ರಕ್ತ ಒಯ್ಯುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಎಲ್ಲರೂ ನನ್ನನ್ನು ಸೂಜಿ ಅಂತಲೇ ಕರೆಯುತ್ತಾರೆ. ಕಾರುಗಳ ನಡುವಿನ ಸಂದಿಯಲ್ಲಿ ತೂರಿಕೊಂಡು ಹೋಗುತ್ತೇನಲ್ಲ, ಅದಕ್ಕೆ. ತೂರುವುದಕ್ಕೂ ಒಂದು ಕಟ್ಟಳೆಯಿದೆ, ಮೆಕ್ಯಾನಿಕ್ ಆಗಿರುವ ನಮ್ಮಣ್ಣ ಹೇಳಿಕೊಟ್ಟದ್ದು. ಕಾರು ನಿಂತಿದ್ದರೆ ಸಂದಿ, ಓಡುತ್ತಿದ್ದರೆ ಸಾಲು. ಅದನ್ನು ಒಂದು ದಿನವೂ ಮುರಿದವಳಲ್ಲ ನಾನು.

ಅವತ್ತು ಮಧ್ಯಾಹ್ನ ಕೆಂಪು ದೀಪಕ್ಕೆ ಕಾರುಗಳು ಎರಡು ಸಾಲಾಗಿ ನಿಂತಿದ್ದವು. ಸಂದಿಯಲ್ಲಿ ಮುಂದೆ ಹೋದೆ. ವ್ಯಾನೊಂದು ಅಡ್ಡವಿತ್ತು, ಕಾಲೂರಿ ನಿಂತೆ. ಹಿಂದಿದ್ದ ಬೂದು ಕಾರಿನವರಿಗೆ ಪಕ್ಕದ ಸಾಲಿನಲ್ಲಿ ಮೊಳದಷ್ಟು ಜಾಗ ಕಂಡಿತು. ಇಂಡಿಕೇಟರೂ ಇಲ್ಲ, ಹಾರ್ನೂ ಇಲ್ಲ, ಸೀದಾ ತಿರುಗಿಸಿ ಮುಂದಕ್ಕೆ ಬಿಟ್ಟರು. ಅವರ ಕನ್ನಡಿ ನನ್ನ ಹ್ಯಾಂಡಲ್ಲಿಗೆ ಬಡಿದು ಲಟಕ್ಕೆಂದಿತು. ಗಾಜು ಇಳಿಸಿ ನನ್ನ ಹುಟ್ಟನ್ನೇ ವಿಚಾರಿಸಿದರು. ನನಗೂ ನಾಲಿಗೆ ತುರಿಸಿತು, ಸುಳ್ಳೇಕೆ ಹೇಳಲಿ. ಆದರೆ ಬೈಕಿನ ಹಿಂದಿನ ಪೆಟ್ಟಿಗೆಯಲ್ಲಿ ಬಾಣಂತಿಯೊಬ್ಬಳಿಗೆ ಬೇಕಾದ ಎರಡು ಚೀಲ ರಕ್ತವಿತ್ತು. ದಾರಿ ಬಿಟ್ಟ ಕೂಡಲೇ ಹೊರಟುಬಿಟ್ಟೆ.

ಬಡಿದು ಓಡಿಹೋದಳು ಅನ್ನಲು ಅಷ್ಟೇ ಸಾಕಾಯಿತು. ಪೆಟ್ಟಿಗೆಯ ಮೇಲಿನ ಬ್ಲಡ್ ಬ್ಯಾಂಕಿನ ಹೆಸರು ಓದಿಕೊಂಡಿದ್ದ ಆ ಮಹಾಶಯರು, ನಾನು ವಾಪಸು ಬರುವ ಮೊದಲೇ ನಮ್ಮ ಕಚೇರಿಯಲ್ಲಿ ಕೂತಿದ್ದರು. ಹಲ್ಲಿನ ಡಾಕ್ಟರಂತೆ. ದೂರು ಬರೆದುಕೊಟ್ಟಾಗಿತ್ತು. ನಮ್ಮ ಮೇಲ್ವಿಚಾರಕರು ಬೈಕಿನ ಕೀ ಇಸಿದುಕೊಂಡು ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟರು. ತಪ್ಪಾಯಿತು, ಇನ್ನು ಸಂದಿಯಲ್ಲಿ ನುಗ್ಗುವುದಿಲ್ಲ ಎಂದು ಬರೆಯಬೇಕಂತೆ. ಇಲ್ಲದಿದ್ದರೆ ನಾಳೆಯಿಂದ ಬೈಕಿಲ್ಲ, ಒಳಗೆ ಕೂತು ಬಾಟಲಿ ತೊಳೆಯಬೇಕು. ನನಗೆ ಮೈಯೆಲ್ಲ ಉರಿದುಹೋಯಿತು.

ಮೊದಲು ದೂರು ತೋರಿಸಿ ಎಂದೆ. 'ಹಿಂದಿನಿಂದ ವೇಗವಾಗಿ ಬಂದು ಹೊಡೆದ ರಭಸಕ್ಕೆ ಕನ್ನಡಿಯು ಹಿಂದಕ್ಕೆ ಮಡಚಿ ಮುರಿದಿರುತ್ತದೆ' ಎಂದಿತ್ತು. ಎರಡು ಸಲ ಓದಿದೆ. ಅಷ್ಟು ಕೋಪದಲ್ಲೂ ನಗು ಬಂತು.

ಮೇಲ್ವಿಚಾರಕರನ್ನು ಎಬ್ಬಿಸಿ, ಮೊಣಕೈ ಚಾಚಿಸಿ ನಿಲ್ಲಿಸಿದೆ. ನೀವೇ ಕಾರು, ಮೊಣಕೈಯೇ ಕನ್ನಡಿ ಅಂದೆ. ಹಿಂದಿನಿಂದ ಬಂದು ತಳ್ಳಿದೆ, ಮೊಣಕೈ ಮುಂದಕ್ಕೆ ಹೋಯಿತು. ಆಮೇಲೆ ನಾನು ಕಂಬದ ಹಾಗೆ ನಿಂತು ಅವರನ್ನು ನಡೆಯಲು ಹೇಳಿದೆ. ನನಗೆ ತಗುಲಿದ ಮೊಣಕೈ ಹಿಂದಕ್ಕೆ ಹೋಯಿತು.

"ನಾನು ನಿಂತಿದ್ದೆ ಡಾಕ್ಟ್ರೇ. ಬಂದು ಹೊಡ್ದಿದ್ದು ನೀವು. ಕನ್ನಡಿ ಹಿಂದಕ್ಕೆ ಮಡಚ್ತು ಅಂತ ನೀವೇ ಬರ್ಕೊಟ್ಟಿದ್ದೀರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ದೂರಿನ ಕಾಗದಕ್ಕೆ ಕೈ ಹಾಕಿದರು. ನಾನು ಕೊಡಲಿಲ್ಲ. ಆದರೂ ಮೇಲ್ವಿಚಾರಕರು, ಡಾಕ್ಟರು ದೊಡ್ಡ ಮನುಷ್ಯರು, ಎರಡು ಸಾಲು ಗೀಚಿಬಿಡಮ್ಮ ಎಂದು ಗೋಗರೆದರು. ಬಾಟಲಿ ಬೇಕಾದರೆ ತೊಳೆಯುತ್ತೇನೆ, ಸುಳ್ಳು ಬರೆಯುವುದಿಲ್ಲ ಎಂದೆ.

ಅಷ್ಟರಲ್ಲಿ ಫೋನು ಬಂತು. ಅದೇ ಬಾಣಂತಿಗೆ ಇನ್ನೆರಡು ಚೀಲ ಬೇಕಂತೆ, ತಕ್ಷಣ. ಕಿಟಕಿಯಾಚೆ ರಸ್ತೆ ತುಂಬ ಕಾರುಗಳು ಅಲ್ಲಾಡದೆ ನಿಂತಿದ್ದವು. ಮೇಲ್ವಿಚಾರಕರು ತಲೆಯೆತ್ತದೆ ಕೀಯನ್ನು ನನ್ನತ್ತ ಸರಿಸಿದರು.

"ಸಾಲಲ್ಲಿ ಹೋಗ್ಲಾ ಸಾರ್, ಸಂದೀಲಿ ಹೋಗ್ಲಾ?" ಎಂದೆ.

"ಸಂದೀಲೇ ಹೋಗಮ್ಮ, ಬೇಗ."

ಆ ಬಿಳಿ ಹಾಳೆಯನ್ನು ಅವರ ಕಡೆ ತಿರುಗಿಸಿದೆ.

"ಅದನ್ನೇ ಇದ್ರಲ್ಲಿ ಬರ್ದು ಸಹಿ ಹಾಕಿ. ಅಷ್ಟ್ರಲ್ಲಿ ಪೆಟ್ಟಿಗೆಗೆ ಐಸ್ ತುಂಬ್ಕೊಂಡು ಬರ್ತೀನಿ."

ನಾನು ಬರುವಷ್ಟರಲ್ಲಿ ಬರೆದಿಟ್ಟಿದ್ದರು, ಡಾಕ್ಟರ ಕಣ್ಣೆದುರಿಗೇ.