ದೇವಡಿಗೆ ಹೋದ ಭಂಡಾರ

ನೆರಳು ಸರಿಯಿತು, ಕುರಿಗಳೂ ಸರಿದವು, ಗುಮ್ಮಟದ ನೆರಳು ಎಷ್ಟು ಜರುಗುತ್ತದೋ ಅಷ್ಟೇ ಇವೂ ಜರುಗುತ್ತವೆ, ಕಣ್ಣು ಮುಚ್ಚಿಕೊಂಡೇ, ಮೆಲುಕು ಬಿಡದೆ — ಒಳಗೆ ಗೋರಿಯಲ್ಲಿ ಮಲಗಿದವನು ಯಾವ ಸುಲ್ತಾನನೋ, ಕುರಿಗೆ ಅವನ ನೆರಳು ಸಾಕು, ನನಗೂ ಸಾಕು, ಅಷ್ಟೂರಿನ ಈ ಕಲ್ಲು ಬೆನ್ನಿಗೆ ತಣ್ಣಗಿದೆ, ಹೊಟ್ಟೆಯಲ್ಲಿ ಜೋಳದ ರೊಟ್ಟಿ ಇದೆ, ಸಂಜೆಗೆ ಬೀದರಿನಿಂದ ಅಜೀಜ ಸೈಕಲ್ ಮೇಲೆ ಬರುತ್ತಾನೆ, ಚಿದ್ರಿಯ ಮನೆಯಲ್ಲಿ ಅವನ ತಾಯಿ ಮಾಡಿದ ಶಾವಿಗೆ ಪಾಯಸ ಡಬ್ಬಿಯಲ್ಲಿ ತರುತ್ತಾನೆ — ಅಬ್ದುಲ ಅಜೀಜ ಮಾಸ್ತರ, ಶಾಲೆಯ ಮಕ್ಕಳು ಹಾಗೆ ಕರೆಯುತ್ತಾರಂತೆ, ಉಬ್ಬಸಕ್ಕೆ ಈಗ ಗುಳಿಗೆ ಬಂದಿದೆ, ಜೇಬಿನಲ್ಲಿ ಇಟ್ಟುಕೊಂಡೇ ಇರುತ್ತಾನೆ, ಆದರೂ ನನ್ನ ಮುಂದೆ ಕೂತು ಬೆನ್ನು ಕೊಡುತ್ತಾನೆ, ಆಯಿ, ಗುಳಿಗಿ ನುಂಗೇನಿ, ನೀನೂ ಒಂದೀಟು ಉಸಿರು ಹಾಕು. ಹಾಕುತ್ತೇನೆ. ಯಾವುದರಿಂದ ಗುಣವಾಯಿತು ಎಂದು ಅವನೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ನಿನ್ನೆ ಬಗದಲ್ ದಾರಿಯಲ್ಲಿ ಒಬ್ಬಳು ನನ್ನನ್ನು ತೋರಿಸಿ ಸೊಸೆಗೆ ಹೇಳಿದಳು, ಇಕಿ ನೋಡು ಅಂಜನಾಬಾಯಿ, ಔರಾದ ಕಡೀ ನವಾಬರ ಮನಿ ತಿಂದಾಕಿ. ಸೊಸೆ ನನ್ನ ಹಲ್ಲು ನೋಡಿದಳು. ಎರಡೋ ಮೂರೋ ಉಳಿದಿವೆ, ಇವುಗಳಿಂದ ಅಷ್ಟು ದೊಡ್ಡ ಮನೆ ಹೇಗೆ ತಿಂದೇನು — ಆಗಲೂ ನಗು ಬಂತು, ಈಗಲೂ ಬರುತ್ತಿದೆ.

ದೊಡ್ಡದೇ ಇತ್ತು, ದೇವಡಿ ಎನ್ನುತ್ತಿದ್ದೆವು ನವಾಬರ ಆ ವಾಡೆಯನ್ನು, ನಿಜಾಮರ ಕಾಲ, ಸುತ್ತಲಿನ ಊರುಗಳೆಲ್ಲ ಅವರವೇ, ಬಾಗಿಲಿಗೆ ಆನೆ ಹಾಯುವಷ್ಟು ಎತ್ತರದ ಕಮಾನು, ನಾನು ಮೊದಲು ಹೋದದ್ದು ಮಾತ್ರ ಹಿತ್ತಲಿಂದ, ಅಡುಗೆಮನೆಯ ಚಾಂದಬೀ ಕೈಹಿಡಿದು ಎಳೆದುಕೊಂಡು ಹೋದಳು, ಅವಳ ಅಕ್ಕನ ಕೂಸಿಗೆ ಉಸಿರು ಹಿಡಿದಾಗ ನಾನು ಬಿಡಿಸಿದ್ದನ್ನು ಕಂಡಿದ್ದಳು — ಒಳಗೆ ಮುನವ್ವರ ಬೇಗಂ, ನವಾಬರ ಹೆಂಡತಿ, ತೊಡೆಯ ಮೇಲೆ ತುಟಿ ನೀಲಿಗಟ್ಟಿದ ಒಬ್ಬನೇ ಮಗ, ಇದೇ ಅಜೀಜ, ಭಾಲ್ಕಿಯ ಹಕೀಮರು ಬಂದು ಹೋಗಿದ್ದರು, ಹೈದರಾಬಾದಿನ ಡಾಕ್ಟರರೂ ಬಂದು ಹೋಗಿದ್ದರು. ಭಂಡಾರ ಹಚ್ಚಬೇಕ್ರಿ ಬೇಗಂಸಾಬ, ನಮ್ಮ ಮೈಲಾರ ಮಲ್ಲಣ್ಣನ ಅರಿಷಿಣ, ನಡೀತದೇನ್ರಿ. ಹಚ್ಚು ಬಾಯಿ, ಮಣ್ಣು ಹಚ್ತೇನಂದ್ರೂ ಹಚ್ಚು. ಹಣೆಗೆ ಹಳದಿ ಹಚ್ಚಿ, ಕೂಸಿನ ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತೆ, ಅವನ ಉಸಿರು ಓಡುತ್ತಿತ್ತು, ನಾನೂ ಅದರ ಜೊತೆ ಓಡಿದೆ, ಆಮೇಲೆ ನಿಧಾನ ಮಾಡಿದೆ, ಅದೂ ನಿಧಾನವಾಯಿತು, ಬೆದರಿದ ಹಿಂಡನ್ನು ತಿರುಗಿಸುವುದೂ ಹಾಗೆಯೇ, ಮೊದಲು ಜೊತೆಗೆ ಓಡಬೇಕು — ಮಲ್ಲಣ್ಣ ಮಾಡಿದನೋ, ನಾನು ಮಾಡಿದೆನೋ, ಕೂಸು ನಿದ್ದೆ ಹೋಯಿತು, ಬೇಗಂ ನನ್ನ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು, ಅಷ್ಟು ಮೆತ್ತಗಿನ ಮುಖವನ್ನು ನನ್ನ ಕೈ ಎಂದೂ ಮುಟ್ಟಿರಲಿಲ್ಲ. ಆಮೇಲೆ ಕಮಾನಿನ ಬಾಗಿಲಿಂದಲೇ ಹೋಗುತ್ತಿದ್ದೆ. ನವಾಬರು ಮೊದಮೊದಲು ಮಗನ ಊಟ ಏನಿರಲಿ ಎಂದು ಕೇಳಿದರು, ಆಮೇಲೆ ಕುದುರೆ ಮಾರಲೇ ಎಂದು, ಆಮೇಲೆ ಗೌಡಕಿ ಯಾರಿಗೆ ಕೊಡಲಿ ಎಂದು, ನನಗೇನು ಗೊತ್ತು, ಬಾಯಿಗೆ ಬಂದದ್ದು ಹೇಳುತ್ತಿದ್ದೆ, ಕುರಿ ಮೇಯಿಸಾಕ ಪಟ್ಟಿ ತಗೋಬ್ಯಾಡ್ರಿ ಸರಕಾರ್ ಎಂದೆ, ಆ ತೆರಿಗೆ ಬಿಟ್ಟರು, ನಮ್ಮ ಜನ ಕುಣಿದರು, ಅದೇ ಜನ, ನಮ್ಮ ದೇವರ ಭಂಡಾರ ನವಾಬರ ಮನಿಗಿ ಯಾಕ ಒಯ್ತಿ ಎಂದು ಊಟದ ಸಾಲಿನಿಂದ ನನ್ನನ್ನು ಎಬ್ಬಿಸಿದರು, ಅತ್ತ ಮೌಲವಿಗಳು ದೇವಡಿಗೆ ಬರುವುದು ಬಿಟ್ಟರು, ನವಾಬರ ತಮ್ಮ ಅಂಗಳದಲ್ಲಿ ಬಂದೂಕು ಒರೆಸುತ್ತ ಕೂತು ನನಗೆ ಕೇಳಿಸುವಂತೆಯೇ ಹೇಳುತ್ತಿದ್ದ, ಅಣ್ಣ ಏಳಬೇಕಾದ್ರ ಈ ಕುರಿ ಕಾಯಾಕಿನ್ನ ಕೇಳ್ತಾನ, ಕೂಡಬೇಕಾದ್ರೂ ಕೇಳ್ತಾನ. ಸುಳ್ಳಲ್ಲ. ನನಗೆ ಅದು ಹಿಡಿಸುತ್ತಿತ್ತು, ಯಾಕೆ ಹಿಡಿಸಬಾರದು, ಕಂಬಳಿ ಹೊದ್ದವಳ ಮಾತಿಗೆ ಜರತಾರಿ ರುಮಾಲು ತಲೆಯಾಡಿಸುತ್ತಿತ್ತು. ಹೀಗೇ ವರ್ಷಗಳು ಹೋದವು, ಒಂದು ಬೇಸಗೆ ರಜಾಕಾರರು ಬಂದರು, ಹೈದರಾಬಾದು ಹಿಂದುಸ್ತಾನಕ್ಕೆ ಸೇರಬಾರದು ಎನ್ನುವವರ ದಂಡು, ದೇವಡಿಯಲ್ಲಿ ಕುದುರೆ ಕಟ್ಟುತ್ತೇವೆ, ಬಂದೂಕು ಕೊಡಿ ಎಂದರು, ತಮ್ಮ ಹೂಂ ಎಂದ, ನವಾಬರು ನನ್ನ ಮುಖ ನೋಡಿದರು, ಕುದರಿ ಧೂಳು ಪೋರನ ಉಸಿರಿಗಿ ಆಗಲ್ರಿ, ಬ್ಯಾಡ್ರಿ — ನಾನು ಅಂದದ್ದು ಅಷ್ಟೇ, ರಾಜ್ಯದ ಮಾತು ನನಗೆಲ್ಲಿ ತಿಳಿದಿತ್ತು, ಬಾಗಿಲು ಮುಚ್ಚಿತು, ತಮ್ಮ ಇದ್ದ ಬಂದೂಕುಗಳನ್ನೆಲ್ಲ ಹೇರಿಕೊಂಡು ಅವರ ಜೊತೆ ಹೊರಟುಹೋದ, ಹೋದವನು ನಮ್ಮದೇ ಊರುಗಳಲ್ಲಿ ಮನೆಗಳಿಗೆ ಬೆಂಕಿ ಇಟ್ಟ, ಹೆಸರು ಮಾತ್ರ ಅಣ್ಣನಿಗೆ ಬಂತು.

ಮಳೆಗಾಲ ಮುಗಿಯುವ ಮೊದಲೇ ಹಿಂದುಸ್ತಾನದ ಫೌಜು ಬೀದರಿಗೆ ಬಂತು, ಪೊಲೀಸ್ ಆ್ಯಕ್ಷನ್ ಎಂದು ಈಗ ಅನ್ನುತ್ತಾರೆ, ನಿಜಾಮರ ಆಳ್ವಿಕೆ ಮುಗಿಯಿತು, ತಮ್ಮ ಎಲ್ಲೋ ಓಡಿಹೋದ, ಸುಟ್ಟ ಊರುಗಳ ಗಂಡಸರು ಕೊಡಲಿ ಹಿಡಿದು ದೇವಡಿಯ ಕಡೆ ಹೊರಟಿದ್ದಾರೆ ಎಂದು ಸುದ್ದಿ. ಬೆಳಗ್ಗೆ ಹಿಂಡು ಹೊಡೆದುಕೊಂಡು ಹಿತ್ತಲಿಗೆ ಹೋದೆ, ಹೆಗಲ ಮೇಲೆ ಮೂವರಿಗೂ ಕಂಬಳಿ. ಬರ್ರಿ ಸರಕಾರ್, ಕುರಿ ನಡುವ ನಡೀರಿ, ಯಾರೂ ನೋಡಲ್ಲ. ನವಾಬರು ಕಂಬಳಿಯನ್ನು ಬೆರಳಿಂದ ಮುಟ್ಟಿ, ಭಾಳ ಒರಟದ ಬಾಯಿ ಎಂದು ನಕ್ಕರು, ಮಡಚಿ ನನಗೇ ಕೊಟ್ಟರು. ಏನು ಮಾಡಲಿ ಎಂದು ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಅದೊಂದು ದಿನ ಅವರು ನನ್ನನ್ನು ಕೇಳಲಿಲ್ಲ. ಇವರಿಬ್ಬರನ್ನ ಒಯ್ಯಿ, ನಾ ನನ್ನ ಬಾಗಲದಾಗ ಕೂಡ್ತೇನಿ, ನನ್ನ ಊರಿನವರು ನನ್ನ ಹುಡುಕೋ ಹಾಂಗ ಆಗಬಾರದು. ಶೇರವಾನಿಯ ಗುಂಡಿ ಹಾಕಿಕೊಂಡರು, ಕಮಾನಿನ ಕೆಳಗೆ ಕುರ್ಚಿ ಇಡಿಸಿದರು — ಅಂಜನಾಬಾಯಿ ಕೂಡಿಸಿ ಕೊಲ್ಲಿಸಿದಳು ಎಂದು ಜನ ಅನ್ನುತ್ತಾರೆ, ಅನ್ನಲಿ, ಆ ಬೆಳಗು ಅವರು ತಾವಾಗಿಯೇ ಕೂತರು, ಅದು ಅವರದು, ನನ್ನದೆಂದು ನಾನು ತೆಗೆದುಕೊಳ್ಳುವುದಿಲ್ಲ. ಬೇಗಂ ಸಲಾಂ ಮಾಡಿದಳು, ಮಗನ ಕೈ ಹಿಡಿದು ಹೊರಟಳು, ದಾರಿ ಬಿಟ್ಟು ಹೊಲಗಳ ನಡುವೆ, ಎರೆಮಣ್ಣು, ಜಿಟಿಜಿಟಿ ಮಳೆ, ಧೂಳಿಲ್ಲ, ಅದೊಂದು ಪುಣ್ಯ ಎಂದುಕೊಳ್ಳುತ್ತಿದ್ದೆ, ಹಳ್ಳದ ದಂಡೆಗೆ ಬಂದಾಗ ಎದುರಿಗೇ ಅವರು, ಮುಂದೆ ನರಸಿಂಗ, ಅವನ ಮನೆಯನ್ನೇ ನವಾಬರ ತಮ್ಮ ಸುಟ್ಟಿದ್ದ. ಹುಡುಗನ ಉಸಿರು ಸಿಳ್ಳೆ ಹಾಕತೊಡಗಿತ್ತು, ಕೆಸರಿನಲ್ಲೇ ಕೂತು ಅವನ ಬೆನ್ನನ್ನು ಎದೆಗೆ ಹಚ್ಚಿಕೊಂಡೆ, ಯಾರದು ಬಾಯಿ ಈ ಪೋರ, ನನ್ನ ಮೊಮ್ಮಗ, ಅಕಿ ಯಾರು, ಸೊಸಿ, ಭಾಲ್ಕಿ ಕಡೀಯಾಕಿ, ಯಾಕ ಮಾತಾಡಲ್ಲಾಕಿ, ಮಗನ ಉಸಿರು ನಿಂತಾಗ ತಾಯಿ ಏನ್ ಮಾತಾಡ್ತಾಳಪ್ಪಾ ನರಸಿಂಗ. ಆದರೆ ನನ್ನ ಉಸಿರೇ ಓಡುತ್ತಿತ್ತು, ಕೊಡಲಿಗಳು ಕಾಣುತ್ತಿದ್ದವು, ಹೆದರಿದವಳು ಯಾರ ಉಸಿರನ್ನು ನಿಧಾನ ಮಾಡಿಯಾಳು, ಮಲ್ಲಣ್ಣನ ಹೆಸರೂ ನಾಲಿಗೆಗೆ ಬರಲಿಲ್ಲ — ಆಗ ಹುಡುಗ ತಾನೇ ಉದ್ದಕ್ಕೆ ಎಳೆದ, ನಿಧಾನ ಬಿಟ್ಟ, ಮತ್ತೆ ಎಳೆದ, ನಾನು ಕಲಿಸಿದ್ದನ್ನೇ, ನಾನು ಅವನ ಹಿಂದೆ ಹಿಂದೆ ಹೋದೆ, ಇಬ್ಬರದೂ ಇಳಿಯಿತು. ನರಸಿಂಗ ಬೇಗಂಳನ್ನು ನೋಡುತ್ತಿದ್ದ. ಸೀರೆ ನನ್ನದೇ ಉಡಿಸಿದ್ದೆ, ಬಳೆ ತೆಗೆಸಿದ್ದೆ, ಮುಖಕ್ಕೆ ಕಂಬಳಿ ಎಳೆದಿದ್ದೆ, ಪಾದ ನೋಡಿರಲಿಲ್ಲ. ಅವನು ಪಾದ ನೋಡಿದ. ಮಳೆ ಬೀಳುತ್ತಲೇ ಇತ್ತು, ಅವನು ನೋಡುತ್ತಲೇ ಇದ್ದ, ಆಮೇಲೆ ಕೊಡಲಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿ, ಇಲ್ಲಿ ಬರೇ ಕುರಿ ಅದಾವ, ನಡೀರಿ ಎಂದ. ದೇವಡಿಯ ಕಡೆಗೇ ನಡೆದರು. ಹಿಂದೆ ಹೊಗೆ ಎದ್ದಾಗ ಬೇಗಂ ತಿರುಗಿ ನೋಡಲಿಲ್ಲ, ಕುರಿಗಳು ನಡೆದಂತೆ ನಡೆದಳು. ಈಗ ಚಿದ್ರಿಯಲ್ಲಿ ಬಟ್ಟೆ ಹೊಲಿಯುತ್ತಾಳೆ, ನಲ್ಲಿ ನೀರಿಗೆ ಜಗಳವಾಡುತ್ತಾಳೆ, ನೋಡು ಬಾಯಿ, ನನ್ನ ಹಿಮ್ಮಡ ನಿನ್ನ ಹಾಂಗೇ ಒಡದಾವ ಎಂದು ತೋರಿಸಿ ನಗುತ್ತಾಳೆ, ನಾನೂ ನಗುತ್ತೇನೆ, ಒಡೆದಿವೆ, ನಿಜ, ಆದರೆ ಈ ಕಲ್ಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ನನಗೆ ಅವು ಕಾಣುವುದಿಲ್ಲ, ಬೇರೆಯೇ ಕಾಣುತ್ತವೆ, ಎಷ್ಟು ಸಲ ಮುಚ್ಚಿದರೂ ಅವೇ — ಕರಿ ಕೆಸರು, ಕುರಿಗಳ ಗೊರಸು, ನಡುವೆ ಎಂದೂ ಬರಿ ನೆಲ ಮೆಟ್ಟದ ಎರಡು ಪಾದ, ಮೇಲೆ ಮಳೆಯ ಹನಿ, ಕೆಸರು ಜಾರುತ್ತದೆ, ಚಾಂದಬೀ ಹಚ್ಚಿದ್ದ ಮೆಹಂದಿ, ಕೆಂಪಗೆ —