ಕಪ್ಪೆ ಹಾರುವ ಕಲ್ಲುಗಳ ಶ್ರುತಿ

ಅಕ್ಕನ ಬಲಗೈ ಮಡಿಲಲ್ಲಿ ಬಿದ್ದುಕೊಂಡು ಆರು ವಾರವಾಗಿತ್ತು. ಪಾರ್ಶ್ವವಾಯು ಬಡಿದ ಮೇಲೆ ಕಾಲು ಹದಿನೈದೇ ದಿನದಲ್ಲಿ ಹೇಳಿದ ಮಾತು ಕೇಳಿತು. ನಾಲಿಗೆಯಂತೂ ಆಸ್ಪತ್ರೆಯ ಮಂಚದ ಮೇಲೇ ತನ್ನ ಹಳೆಯ ಹರಿತಕ್ಕೆ ಮರಳಿತ್ತು. ಮೊಂಡು ಹಿಡಿದಿದ್ದದ್ದು ಕೈ ಒಂದೇ. ವ್ಯಾಯಾಮ ಮಾಡಿಸಲು ಬರುವ ಥೆರಪಿಸ್ಟ್ ಹುಡುಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಮ್ಮನಿಗೆ ಹೇಳಿದಳು: "ಬೆರಳಿಗೆ ಜೀವ ಇದೆ ಸರ್, ಮಣಿಕಟ್ಟೂ ತಿರುಗುತ್ತೆ. ಆದ್ರೆ ಅವ್ರು ತಿರುಗಿಸ್ಬೇಕಲ್ಲ? ಇನ್ನೆರಡು ತಿಂಗಳು ಹೀಗೇ ಬಿಟ್ರೆ ಕೀಲು ಬಿಗಿದುಹೋಗುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

ಅಕ್ಕ ತಿರುಗಿಸುತ್ತಿರಲಿಲ್ಲ. ಮೂವತ್ತು ವರ್ಷ ಮನೆಗಳಿಗೆ, ಶಾಲೆಗಳಿಗೆ, ಸಭಾಂಗಣಗಳಿಗೆ ಹೋಗಿ ಪಿಯಾನೋಗಳ ಶ್ರುತಿ ಸರಿಮಾಡಿದವಳು ಅವಳು. ಒಂದೊಂದು ಪಿಯಾನೋದಲ್ಲೂ ಇನ್ನೂರಕ್ಕೆ ಮೇಲ್ಪಟ್ಟು ತಂತಿ, ತಂತಿಗೊಂದು ಬಿರಡೆ. ಆ ಬಿರಡೆಯನ್ನು ಕೀಲಿಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಬೇಕು, ಕಿವಿಗೊಡಬೇಕು, ಮತ್ತೆ ತಿರುಗಿಸಬೇಕು. ಅಂಥ ಕೈಗೆ ರಬ್ಬರ್ ಚೆಂಡು ಹಿಸುಕುವ ಕೆಲಸ ಕೊಟ್ಟರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಅವಳು ಚೆಂಡನ್ನು ಎಡಗೈಯಲ್ಲೆತ್ತಿ ಭಾವನ ಕಡೆಗೆ ಎಸೆದಿದ್ದಳು. ಭಾವ ಪಾಪದ ಮನುಷ್ಯ. ಹಿಡಿದುಕೊಂಡು, "ಗುರಿ ಚೆನ್ನಾಗಿದೆ ನಿಂದು" ಎಂದಿದ್ದರು.

ತಮ್ಮನ ಕೆಲಸ ವಿಡಿಯೋ ಗೇಮುಗಳಿಗೆ ಸದ್ದು ಕೂಡಿಸುವುದು. ನಾಣ್ಯ ಸಿಕ್ಕರೆ ಟಿಣ್, ಬಾಗಿಲು ತೆರೆದರೆ ಕಿರ್, ಬಿದ್ದರೆ ಧೊಪ್. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆಯಲ್ಲಿ ಚಮಚ, ಬೀಗ, ಹಳೇ ಚೀಲದ ಜಿಪ್ಪುಗಳನ್ನು ಹರಡಿಕೊಂಡು ಕೂತ ಐವತ್ತರ ಗಂಡಸನ್ನು ಆಫೀಸಿನವರು 'ಟಿಣ್ ಸಾರ್' ಎಂದೇ ಕರೆಯುತ್ತಿದ್ದರು. ನೋಡುವವರಿಗೆ ಹುಡುಗಾಟ, ಆದರೆ ಆ ಹುಡುಗಾಟಕ್ಕೂ ಒಂದು ಕಟ್ಟುನಿಟ್ಟಿತ್ತು. ಗೇಮಿನ ಹಿಂದೆ ಸಂಗೀತ ಹರಿಯುತ್ತಿರುತ್ತದೆ. ಆಡುವವನು ಯಾವ ಗಳಿಗೆಯಲ್ಲಿ ಯಾವ ಗುಂಡಿ ಒತ್ತುತ್ತಾನೋ ಆ ದೇವರಿಗೇ ಗೊತ್ತು. ಒತ್ತಿದಾಗ ಬರುವ ಸ್ವರ ಹಿಂದಿನ ಸಂಗೀತದ ಜೊತೆ ತಿಕ್ಕಾಟಕ್ಕೆ ಇಳಿಯಬಾರದು. ಅದಕ್ಕೇ ಅವನು ಏಳು ಸ್ವರಗಳಲ್ಲಿ ಮ ಮತ್ತು ನಿಯನ್ನು ಹೊರಗಿಟ್ಟಿದ್ದ. ಮ ಬಂದರೆ ಪಕ್ಕದ ಗಕ್ಕೆ ಮೈ ತಾಗುತ್ತದೆ, ನಿ ಬಂದರೆ ಸಕ್ಕೆ. ಉಳಿದ ಸ ರಿ ಗ ಪ ದ ಮಾತ್ರ ಒಂದೇ ತಟ್ಟೆಯಲ್ಲಿ ಉಂಡರೂ ಜಗಳವಾಡದ ಮಕ್ಕಳು. ಯಾರ ಹಿಂದೆ ಯಾರು ಬಂದರೂ, ಎಲ್ಲರೂ ಒಟ್ಟಿಗೆ ನುಗ್ಗಿದರೂ ಹಿತವಾಗಿಯೇ ಇರುತ್ತದೆ. "ಆಡೋರಿಗೆ ತಪ್ಪು ಸ್ವರ ಸಿಗೋ ದಾರೀನೇ ಇರಬಾರ್ದು" ಎಂದು ಅವನು ಹೊಸಬರಿಗೆ ಪಾಠ ಹೇಳುತ್ತಿದ್ದ.

ಅಕ್ಕನ ಕೈಗೂ ತನ್ನ ವಿದ್ಯೆಯಲ್ಲೇ ಮದ್ದಿದೆ ಎಂದು ಅವನಿಗೆ ಹೊಳೆಯಿತು. ಕೋಡ್ ಬರೆಯುವ ಸಹೋದ್ಯೋಗಿಯನ್ನು ಕಾಡಿ ಬೇಡಿ ಒಂದು ಪುಟ್ಟ ಗೇಮ್ ಮಾಡಿಸಿದ. ನದಿಯಲ್ಲಿ ಐದು ಕಲ್ಲು, ಒಂದು ಕಪ್ಪೆ. ಕೈಯಲ್ಲಿ ಹಿಡಿದ ಕಂಟ್ರೋಲರನ್ನು ಅತ್ತಿತ್ತ ಸರಿಸಿದರೆ ಕಪ್ಪೆ ಕಲ್ಲಿಂದ ಕಲ್ಲಿಗೆ ಹಾರುತ್ತದೆ, ಕೂತ ಕಲ್ಲು ತನ್ನ ಸ್ವರ ನುಡಿಯುತ್ತದೆ.

ಮರುದಿನ ಬೆಳಿಗ್ಗೆ ನಡುಮನೆಯ ಟಿವಿಗೆ ಅದನ್ನು ಜೋಡಿಸಿ, ಅಕ್ಕನ ಬಲಗೈಗೆ ಕಂಟ್ರೋಲರ್ ತುರುಕಿ ಪಟ್ಟಿ ಕಟ್ಟಿದ.

"ನಂಗೇನು ಐದು ವರ್ಷ ಅಂದ್ಕೊಂಡ್ಯೇನೋ?" ಎಂದಳು ಅಕ್ಕ.

"ಒಂದ್ಸಲ ಆಡಿ ನೋಡಕ್ಕಾ. ನನಗೋಸ್ಕರ."

ಅವಳು ಆಡಿದಳು. ಕೈ ತೊಯ್ದ ಚೀಲದಂತೆ ಎಳೆದೆಳೆದು ಸರಿಯಿತು. ಸ, ರಿ, ಗ, ಪ. "ಚೆನ್ನಾಗಿದೆ" ಎಂದಳು, ನೆಂಟರ ಮನೆಯ ನೀರು ಚಹಾ ಹೊಗಳುವ ದನಿಯಲ್ಲಿ. ಕಪ್ಪೆ ಐದನೆಯ ಕಲ್ಲಿಗೆ ಹಾರಿತು. ಅಕ್ಕನ ಹುಬ್ಬು ಗಂಟಿಕ್ಕಿತು. ಹಿಂದಕ್ಕೆ ಬಂದಳು, ಮತ್ತೆ ಹಾರಿಸಿದಳು. ಇನ್ನೊಮ್ಮೆ. ನಾಲ್ಕನೆಯ ಸಲ ಮಣಿಕಟ್ಟು ತಾನಾಗಿಯೇ ಒಂದಿಷ್ಟು ಬಲಕ್ಕೆ ಹೊರಳಿತು.

"ದ ಕೆಳಗಿದೆ" ಎಂದಳು.

ತಮ್ಮ ಕಿವಿಗೊಟ್ಟ. ಹೌದು, ಕೆಳಗಿತ್ತು! ಅವಸರದಲ್ಲಿ ಆ ಒಂದು ಸ್ವರವನ್ನು ಬೇರೆ ಶ್ರುತಿಗೆ ಕಟ್ಟಿದ ಹಳೇ ಗೇಮಿನಿಂದ ಎತ್ತಿ ಹಾಕಿದ್ದ. ನಾಚಿಕೆಯಿಂದ ಅವನ ಮುಖ ಕಿವಿಯ ತನಕ ಕೆಂಪಾಯಿತು. ಇಷ್ಟು ವರ್ಷದ ಕೆಲಸಗಾರ, ಅದೂ ಊರಿಗೆಲ್ಲ ಶ್ರುತಿ ಕೂಡಿಸಿದ ಅಕ್ಕನ ಮುಂದೆ! ಅವಳ ಮಣಿಕಟ್ಟು ಹೊರಳಿದ್ದು ಅವನ ಕಣ್ಣೆದುರೇ ನಡೆದಿತ್ತು. ಬೆಪ್ಪನಿಗೆ ಅದರ ಅರ್ಥ ಹೊಳೆಯಲೇ ಇಲ್ಲ. "ಈಗ್ಲೇ ಸರಿಮಾಡ್ತೀನಿ" ಎಂದು ಮನೆಗೆ ಬೆಂಕಿ ಬಿದ್ದವನಂತೆ ಆಫೀಸಿಗೆ ಓಡಿದ.

ಮರುದಿನ ಐದೂ ಕಲ್ಲು ಅಪ್ಪಟವಾಗಿದ್ದವು. ಅಕ್ಕ ಎರಡು ಸುತ್ತು ಆಡಿ, "ಸರಿಹೋಗಿದೆ" ಎಂದು ಪಟ್ಟಿ ಬಿಚ್ಚಿದಳು. ಅದರ ಮರುದಿನ ಕಂಟ್ರೋಲರನ್ನು ಮುಟ್ಟಲೂ ಇಲ್ಲ. ತಮ್ಮ ನದಿಯ ದಡಕ್ಕೆ ಹೂ ಹಾಕಿಸಿದ, ಕಪ್ಪೆಯ ಬಣ್ಣ ಬದಲಾಯಿಸಿದ, ಸ್ವರಕ್ಕೆ ಗಂಟೆಯ ನಾದ ಬೆರೆಸಿದ. ಏನು ಮಾಡಿದರೂ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಹೀಗೇ ಹತ್ತು ದಿನ ಕಳೆಯಿತು. ಥೆರಪಿಸ್ಟ್ ಹೇಳಿದ್ದ ಎರಡು ತಿಂಗಳಲ್ಲಿ ಹತ್ತು ದಿನ ಹೋಯಿತೆಂದು ಅವನು ಕ್ಯಾಲೆಂಡರಿನಲ್ಲಿ ಗೀಟು ಎಳೆದ.

"ಮೊದಲನೇ ದಿನ ಏನ್ ಮಾಡ್ಸಿದ್ರಿ ಸರ್?" ಎಂದು ಕೇಳಿದಳು ಥೆರಪಿಸ್ಟ್. "ಅವತ್ತು ಸಂಜೆ ಮಣಿಕಟ್ಟು ಸಡಿಲ ಇತ್ತು. ಆಮೇಲೆ ಮತ್ತೆ ಮೊದಲಿನ ಹಾಗೇ."

ಆಗ ಅವನಿಗೆ ಆ ಹೊರಳು ನೆನಪಾಯಿತು. ನೇರ ಅಕ್ಕನ ಎದುರು ಹೋಗಿ ಕೂತ. "ಅಕ್ಕಾ, ಅವತ್ತು ಆಡಿದ್ಯಲ್ಲ. ಆಮೇಲೆ ಯಾಕೆ ಬೇಡ ಅನ್ನಿಸ್ತು?"

"ಎಲ್ಲಾ ಸರಿ ಇರೋ ಕಡೆ ನನ್ನನ್ನ ಯಾಕೋ ಕೂರಿಸ್ತೀಯ?" ಅಕ್ಕನ ದನಿ ಏರಿತು. "ಸರಿ ಇರೋ ಪಿಯಾನೋಕ್ಕೆ ಯಾರಾದ್ರೂ ನನ್ನ ಕರೆದಿದ್ದಾರಾ? ಎಡವಟ್ಟಾದ ಕಡೇನೇ ನನ್ನ ಕೆಲಸ. ನಿನ್ನ ನದೀಲಿ ಒಂದೇ ಒಂದು ಕಲ್ಲು ಕೆಟ್ಟಿತ್ತು. ಅದನ್ನೂ ನೀನೇ ಓಡಿಹೋಗಿ ರಿಪೇರಿ ಮಾಡ್ಕೊಂಡು ಬಂದೆ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. "ನಾನು ಕುಟ್ಟಿದ್ದೆಲ್ಲ ಚೆನ್ನಾಗೇ ಕೇಳಿಸುತ್ತೆ ಅಂದ್ರೆ, ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ತಾನೇ?"

ಆಸ್ಪತ್ರೆಯಲ್ಲೂ ಅವಳು ಅತ್ತಿರಲಿಲ್ಲ. ಯಾರಿಗೂ ತಪ್ಪು ಸಿಗದಂತೆ ಕಾಪಾಡುವುದೇ ದೊಡ್ಡ ಉಪಕಾರ ಎಂದು ತಮ್ಮ ಇಷ್ಟು ವರ್ಷ ಬೀಗುತ್ತಿದ್ದ. ಆ ಉಪಕಾರವನ್ನು ಒಡಹುಟ್ಟಿದವಳ ತಲೆಯ ಮೇಲೂ ಹೇರಿದ್ದ.

ಆಫೀಸಿಗೆ ಹೋಗಿ ಅವನು ಬೇಕೆಂದೇ ಕೆಡಿಸಲು ಕೂತ. ಕೆಡಿಸುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಸವನ್ನು ಬಿಟ್ಟು ಉಳಿದದ್ದಕ್ಕೆಲ್ಲ ಕೈ ಹಾಕಿದ. ರಿಯನ್ನು ಚೂರು ಏರಿಸಿದ, ಪವನ್ನು ಇಳಿಸಿದ, ಗವನ್ನು ಅವಳಿಗೂ ಒಮ್ಮೆಗೇ ಸಿಗದಷ್ಟು ಸೂಕ್ಷ್ಮವಾಗಿ ಜಾರಿಸಿದ. ಹೊರಗಿಟ್ಟಿದ್ದ ಮ, ನಿಗಳನ್ನೂ ಕರೆತಂದು ನದಿಯಲ್ಲಿ ಏಳು ಕಲ್ಲು ಮಾಡಿದ. ಕಲ್ಲಿನ ಮೇಲೆ ಕೂತಾಗ ಮಣಿಕಟ್ಟು ತಿರುಗಿಸಿದರೆ ಸ್ವರ ಏರಬೇಕು, ಇಳಿಯಬೇಕು, ಸರಿಯಾದ ಜಾಗಕ್ಕೆ ಬಂದರೆ ಅಲ್ಲೇ ನಿಲ್ಲಬೇಕು. ಸಹೋದ್ಯೋಗಿ ಹೆಡ್‌ಫೋನ್ ಹಾಕಿ ಕೇಳಿ ಮುಖ ಕಿವಿಚಿದಳು. "ಟಿಣ್ ಸಾರ್, ಮೈ ಹುಷಾರಿದೆ ತಾನೇ?"

"ಈಗ ಸರಿಯಾಗಿದ್ದೀನಿ" ಎಂದ.

ಶನಿವಾರ ಬೆಳಿಗ್ಗೆ ಅಕ್ಕ ಮೊದಲ ಹಾರಿಕೆಗೇ ಕೂತಲ್ಲೇ ನೆಟ್ಟಗಾದಳು. "ಅಯ್ಯೋ, ಏನೋ ಇದು? ಯಾವ ಕತ್ತೆ ಮಾಡಿದ್ದು?"

"ನಾನೇ" ಎಂದ ತಮ್ಮ.

"ಅದಕ್ಕೇ ಹೀಗಿದೆ."

ರಿ ಸಿಗಲು ಹತ್ತು ನಿಮಿಷ ಬೇಕಾಯಿತು. ಕೈ ನಡುಗಿತು, ಬೆರಳು ಜಾರಿತು, ಎಡಗೈ ಸಹಾಯಕ್ಕೆ ಬಂದರೆ ಅವಳೇ ಅದನ್ನು ಹಿಂದಕ್ಕೆಳೆದುಕೊಂಡಳು. ಗ ಸ್ವರದ ಹತ್ತಿರ ತಮ್ಮನನ್ನೂ ಬೈದಳು, ಕಪ್ಪೆಯನ್ನೂ ಬೈದಳು. ಮ ಕೂತಿತು, ಪ ಕೂತಿತು. ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು, "ನಂಗೆ ಮೊದಲೂ ಹೀಗೇ ಕೇಳಿಸ್ತಿತ್ತು" ಎಂದರು.

"ನೀವು ಒಳಗೆ ಹೋಗ್ರೀ" ಎಂದಳು ಅಕ್ಕ. ಅವಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ದ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ವಾರಗಟ್ಟಲೆ ಮಡಿಲು ಬಿಡದಿದ್ದ ಕೈ ಅಷ್ಟು ಹೊತ್ತೂ ಗಾಳಿಯಲ್ಲಿತ್ತು.

ಕೊನೆಯ ನಿಗೆ ಕಪ್ಪೆ ಹಾರಿತು. ಅಕ್ಕ ಒಮ್ಮೆ ಕಿವಿಗೊಟ್ಟಳು, ಮಣಿಕಟ್ಟನ್ನು ಒಂದಿಷ್ಟು ತಿರುಗಿಸಿದಳು, ಪಟ್ಟಿ ಬಿಚ್ಚಿದಳು.

"ಅಕ್ಕಾ, ನಿ ಇನ್ನೂ ಮೇಲಿದೆ" ಎಂದ ತಮ್ಮ ಮೆಲ್ಲಗೆ.

"ಗೊತ್ತು ಕಣೋ. ಕಿವಿಗೇನೂ ಪಾರ್ಶ್ವವಾಯು ಬಡಿದಿಲ್ಲ." ಅವಳು ಬಲಗೈಯನ್ನು ಎಡಗೈಯಿಂದ ನೀವಿಕೊಂಡಳು. "ಟಿವಿ ಆರಿಸಿದ್ರೆ ಅದು ಹಾಗೇ ಉಳಿಯುತ್ತಾ?"

"ಉಳಿಯುತ್ತೆ."

"ಹಾಗಾದ್ರೆ ಬಿಡು, ಮುಟ್ಟಬೇಡ. ನಂಗೆ ನಾಳೆಗೆ ಕೆಲಸ ಬೇಕು."