ಬಿಸ್ಕಿಯ ಶುಕ್ರವಾರ

ಉದ್ಯಾವರದ ಬೆಂಜಮಿನ್ ಇಪ್ಪತ್ತೆರಡು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ಊರಿಗೆ ಮರಳಿದಾಗ ನೆಂಟರೆಲ್ಲ ಟೇಪ್ ರೆಕಾರ್ಡರ್‌ಗೆ ಕಾದು ಕುಳಿತಿದ್ದರು. ಅವನು ಕೋಟಿನೊಳಗಿಂದ ತೆಗೆದದ್ದು ಒಂದು ಫೆರೆಟ್. ಮುಂಗುಸಿಯಂಥ ಉದ್ದ ಮೈ, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಹೆಸರು ಬಿಸ್ಕಿ.

"ಹೆಗ್ಗಣಕ್ಕೆ ಪಾಸ್‌ಪೋರ್ಟ್ ಬೇರೆ ಮಾಡಿಸಿದಿರಾ?" ಎಂದಳು ಹೆಂಡತಿ ಒಲಿಂಡಾ. ವಾರ ಕಳೆಯುವುದರೊಳಗೆ ಅದು ಅವಳ ಮಡಿಲಲ್ಲೇ ಮಲಗುತ್ತಿತ್ತು, ಆ ಮಾತು ಬೇರೆ.

ಎರಡು ವರ್ಷ ಸುಖವಾಗಿ ಕಳೆಯಿತು. ೧೯೮೪ರ ಸುಮಾರಿಗೆ ಬಿಸ್ಕಿ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು. ಎಷ್ಟು ತಿಂದರೂ ಸೊರಗಿತು. ಅದು ಉಚ್ಚೆ ಹೊಯ್ದ ಮೂಲೆಯಲ್ಲಿ ಇರುವೆ ಸಾಲುಗಟ್ಟಿತು. ಉಡುಪಿಯ ದನದ ಡಾಕ್ಟರ್ ತಾರಾನಾಥರು ಇಂಥ ಪ್ರಾಣಿಯನ್ನು ಹುಟ್ಟಿದ ಮೇಲೆ ಕಂಡವರಲ್ಲ. ಆದರೆ ಇರುವೆಯ ಸುದ್ದಿ ಕೇಳಿದ್ದೇ ರಕ್ತ ತೆಗೆದು ಮಣಿಪಾಲದ ಸ್ನೇಹಿತನಿಗೆ ಕಳಿಸಿದರು.

"ಸಕ್ಕರೆ ಕಾಯಿಲೆ ಮಾರಾಯ್ರೆ, ನಮಗೆಲ್ಲ ಬರುವಂಥದ್ದೇ," ಎಂದರು ತಾರಾನಾಥರು ವರದಿ ಬಂದ ಮೇಲೆ. " ದಿನಕ್ಕೆರಡು ಸಲ ಇನ್ಸುಲಿನ್ ಕೊಡಬೇಕು, ನಾನು ತೆಳು ಮಾಡಿ ಕೊಡುತ್ತೇನೆ. ಮೊದಲು ಮಾಂಸ ತಿನ್ನಬೇಕು, ಮತ್ತೆ ಸೂಜಿ. ಹೊಟ್ಟೆ ಖಾಲಿ ಇದ್ದರೆ ಸಕ್ಕರೆ ತೀರಾ ಇಳಿದು ಸೂಜಿಯೇ ಕೊಲ್ಲುತ್ತದೆ, ಹಾಗೇನಾದರೂ ಆದರೆ ಕೂಡಲೇ ಬಾಯಿಗೆ ಬೆಲ್ಲ ಹಚ್ಚಿ."

ಅಂದಿನಿಂದ ಒಲಿಂಡಾ ಕೋಳಿಯ ಲಿವರ್ ಬೇಯಿಸಿ ತಿನ್ನಿಸುವಳು. ಬೆಂಜಮಿನ್ ಗಾಜಿನ ಸಿರಿಂಜು ಕುದಿಸಿ, ಕತ್ತಿನ ಸಡಿಲ ಚರ್ಮ ಎತ್ತಿ ಚುಚ್ಚುವನು. ಬಿಸ್ಕಿ ಮತ್ತೆ ಮೈತುಂಬಿಕೊಂಡಿತು. ಮನೆಗೆ ಮನೆಯೇ ಗೆಲುವಾಯಿತು.

ಹೀಗಿರುವಾಗ ಗುಡ್ ಫ್ರೈಡೇ ಬಂತು. ಆ ದಿನ ಒಲಿಂಡಾಳ ಅಡುಗೆಮನೆಯಲ್ಲಿ ಮೊಟ್ಟೆಯ ವಾಸನೆಯೂ ಏಳಬಾರದು. ಗಂಜಿ, ಉಪ್ಪಿನಕಾಯಿ, ಅಷ್ಟೇ.

"ಬಿಸ್ಕಿಗೆ ಎಂತ ಕೊಡುವುದು?" ಬೆಂಜಮಿನ್ ಕೇಳಿದ.

"ಯೇಸುಸ್ವಾಮಿ ಶಿಲುಬೆಯಲ್ಲಿರುವಾಗ ಇದಕ್ಕೆ ಕೋಳಿಯಾ? ಒಂದು ದಿನ ಗಂಜಿ ಕುಡಿದರೆ ಸಾಯುವುದಿಲ್ಲ."

ಬಿಸ್ಕಿ ಗಂಜಿಯ ಬಟ್ಟಲಿಗೆ ಮೂತಿ ಇಟ್ಟಿತು. ತಿಂದಿತು ಎಂದುಕೊಂಡ ಬೆಂಜಮಿನ್ ಸೂಜಿ ಚುಚ್ಚಿಯೇಬಿಟ್ಟ. ಜನ್ಮವೆಲ್ಲ ಅಡುಗೆ ಮಾಡಿದವನಿಗೆ ಮೂಸುವುದು ಯಾವುದು, ತಿನ್ನುವುದು ಯಾವುದು ತಿಳಿಯಲಿಲ್ಲವಲ್ಲ!

ಹತ್ತು ಗಂಟೆಗೆ ಇಗರ್ಜಿಗೆ ಹೊರಟ ಒಲಿಂಡಾ ನೋಡುತ್ತಾಳೆ, ಬಿಸ್ಕಿ ಹಿಂಗಾಲು ಎಳೆಯುತ್ತಿದೆ, ಬಾಯಿತುಂಬ ಜೊಲ್ಲು. ಗಂಜಿ ಬಟ್ಟಲಲ್ಲಿ ಹಾಗೆಯೇ ಕೆನೆಗಟ್ಟಿದೆ.

"ಅಯ್ಯೋ ದೇವರೇ, ನಾನೇ ಕೊಂದೆ!"

ಬೆಲ್ಲವನ್ನು ನೀರಲ್ಲಿ ಕದಡಿ, ಬೆರಳಿಗೆ ಮೆತ್ತಿ ಅದರ ವಸಡಿಗೆ ತಿಕ್ಕಿದಳು. ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ಕಾಲು ಗಂಟೆಯ ಮೇಲೆ ಬಿಸ್ಕಿ ನಾಲಗೆ ಆಡಿಸಿತು.

"ಹೊಟ್ಟೆಗೆ ಮಾಂಸ ಬೀಳದಿದ್ದರೆ ಮತ್ತೆ ಹೀಗೆಯೇ ಆಗುತ್ತದೆ," ಬೆಂಜಮಿನ್ ಹೆದರಿ ಹೇಳಿದ.

ಒಲಿಂಡಾ ನೇರ ಹಿತ್ತಿಲಿಗೆ ನಡೆದು ಈಸ್ಟರಿಗೆಂದು ಕೊಬ್ಬಿಸಿದ್ದ ಹುಂಜದ ರೆಕ್ಕೆ ಹಿಡಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ, ಗುಡ್ ಫ್ರೈಡೇಯ ಹಾಡಹಗಲಲ್ಲಿ, ಆ ಮನೆಯಿಂದ ಕೋಳಿ ಬೇಯುವ ಘಮ ಬೀದಿಗೆ ಹರಿಯಿತು. ಇಗರ್ಜಿಗೆ ಹೊರಟಿದ್ದ ಪಕ್ಕದ ಮನೆಯ ಕಾನ್ಸೆಪ್ಟಾ ಗೇಟಿನಲ್ಲೇ ನಿಂತುಬಿಟ್ಟಳು.

"ಎಂತ ಒಲಿಂಡಾ ಇದು? ಇವತ್ತು ಯಾವ ದಿನ ಗೊತ್ತುಂಟಾ?"

"ಗೊತ್ತುಂಟು. ದೇವರು ಉಪವಾಸ ಹೇಳಿದ್ದು ನನಗೆ, ಇದಕ್ಕಲ್ಲ. ಬೇಕಾದರೆ ಪಾದ್ರಿಗಳಿಗೆ ಹೇಳಿಬಿಡು."

ಬಿಸ್ಕಿ ಮೊದಲು ಅವಳ ಬೆರಳು ನೆಕ್ಕಿತು. ಆಮೇಲೆ ಲಿವರಿನ ಚೂರನ್ನು ಕಚ್ಚಿ ಎಳೆಯಿತು, ಇನ್ನೊಂದಕ್ಕೆ ಮೂತಿ ಎತ್ತಿತು. ಒಲಿಂಡಾ ಅತ್ತಳು, ಅಳುತ್ತಲೇ ನಕ್ಕಳು. ಇಷ್ಟು ಹಗುರವಾದ ಗುಡ್ ಫ್ರೈಡೇ ಅವಳು ಕಂಡೇ ಇರಲಿಲ್ಲ.

ಆ ಖುಷಿಯಲ್ಲಿ ಬೆಂಜಮಿನ್ ಮೆಲ್ಲನೆ ಪಾತ್ರೆಯ ಕಡೆ ಕೈ ಚಾಚಿದ. ಫಟ್ಟನೆ ಸೌಟಿನ ಪೆಟ್ಟು ಬಿತ್ತು.

"ನಿಮಗೆ ಗಂಜಿ ಉಂಟು," ಎಂದಳು ಒಲಿಂಡಾ.